ಬಸ್ಸಿನ ಆಯಸ್ಸು ಮತ್ತು 15 ವರ್ಷದ ಗೆರೆ

2023ರ ಜನವರಿಯಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆ ಚಿಕ್ಕದು, ಅದರ ಏಟು ದೊಡ್ಡದು. ಸರ್ಕಾರಿ ಒಡೆತನದ ವಾಹನಕ್ಕೆ 15 ವರ್ಷ ತುಂಬಿದರೆ ನೋಂದಣಿ ಅಲ್ಲಿಗೆ ಮುಗಿಯಿತು. ಅದು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ರಕ್ಷಣೆ ಮತ್ತು ಕಾನೂನು ಸುವ್ಯವಸ್ಥೆಯ ವಿಶೇಷ ವಾಹನಗಳಿಗೆ ವಿನಾಯಿತಿ ಉಂಟು. ಸಾರಿಗೆ ನಿಗಮಗಳ ಬಸ್ಸುಗಳಿಗೆ ಇಲ್ಲ. ಅದೇ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮ ಬೆಂಗಳೂರಿನ ಬಿಎಂಟಿಸಿಯಿಂದ ಹಿಡಿದು ಕರ್ನಾಟಕದ ನಾಲ್ಕೂ ಸಾರಿಗೆ ನಿಗಮಗಳ ಡಿಪೊಗಳನ್ನು ತಟ್ಟಿತು.

ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಬೆಂಗಳೂರಿಗೆ ಬಿಎಸ್ 4 ಹೊಗೆ ಮಾನದಂಡ ಬಂದದ್ದು 2010ರಲ್ಲಿ, ಬಿಎಸ್ 6 ಬಂದದ್ದು 2020ರಲ್ಲಿ. ಬಿಎಸ್ 4ಕ್ಕೂ ಹಿಂದಿನ ಎಂಜಿನ್ ಕಾರುವ ಹೊಗೆ ಎಂಥದ್ದೆಂದು ಸಿಗ್ನಲ್ಲಿನಲ್ಲಿ ಬಸ್ಸಿನ ಹಿಂದೆ ನಿಂತ ಸ್ಕೂಟರ್ ಸವಾರರನ್ನೇ ಕೇಳಬೇಕು. ನನ್ನ ತಕರಾರು ಅಳತೆಗೋಲಿನ ಬಗ್ಗೆ. ಬಸ್ಸು ಸವೆಯುವುದು ಓಟದಿಂದ, ಹೊತ್ತ ಭಾರದಿಂದ, ರಸ್ತೆಯ ಗುಂಡಿಗಳಿಂದ, ಮಾಡದೆ ಬಿಟ್ಟ ರಿಪೇರಿಯಿಂದ. ಆರ್‌ಸಿಯಲ್ಲಿರುವ ದಿನಾಂಕ ಇದರಲ್ಲಿ ಒಂದನ್ನೂ ಹೇಳುವುದಿಲ್ಲ.

ನಗರದ ಬಸ್ಸು ದಿನವಿಡೀ ಟ್ರಾಫಿಕ್ಕಿನಲ್ಲಿ ತೆವಳಿದರೂ ಕ್ರಮಿಸುವುದು ಸುಮಾರು 200 ಕಿಲೋಮೀಟರ್. ದೂರದೂರಿನ ಬಸ್ಸು ಅದರ ಎರಡು ಪಟ್ಟು ಓಡಿಬಿಡುತ್ತದೆ. ನಗರದ ಬಸ್ಸಿಗೆ ಕ್ಲಚ್ಚು, ಬ್ರೇಕು ಬೇಗ ಸವೆಯುತ್ತವೆ ನಿಜ. ಆದರೆ ಅವು ಬದಲಾಯಿಸುವ ಭಾಗಗಳು. ಹೀಗೆ ದುಡಿಮೆಯೇ ಬೇರೆಯಾದ ಎರಡು ಬಸ್ಸುಗಳಿಗೆ ಒಂದೇ ದಿನ ಆಯಸ್ಸು ಮುಗಿಯುತ್ತದೆ. 2020ರ ಮಾರ್ಚ್‌ನಿಂದ ಲಾಕ್‌ಡೌನ್‌ನಲ್ಲಿ ಬಸ್ಸುಗಳು ಸಾಲಾಗಿ ಡಿಪೊಗಳಲ್ಲಿ ನಿಂತವು. 2021ರ ಏಪ್ರಿಲ್‌ನಲ್ಲಿ ನೌಕರರ ಮುಷ್ಕರ, ಅದರ ಬೆನ್ನಿಗೆ ಮತ್ತೆ ಲಾಕ್‌ಡೌನ್. ಚಕ್ರ ಉರುಳದ ಆ ತಿಂಗಳುಗಳೂ 15 ವರ್ಷದ ಲೆಕ್ಕಕ್ಕೆ ಸೇರಿಹೋಗಿವೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಖಾಸಗಿ ವಾಹನಕ್ಕೂ ಸರ್ಕಾರಿ ಬಸ್ಸಿಗೂ ನಡುವಿನ ಭೇದ. ಕೇಂದ್ರದ ನಿಯಮದಂತೆ ಖಾಸಗಿ ವಾಣಿಜ್ಯ ವಾಹನ ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ ಎಫ್‌ಸಿ (ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕು. 15 ವರ್ಷ ಕಳೆದರೆ ಶುಲ್ಕ ಏರುತ್ತದೆ, ಆದರೆ ಪರೀಕ್ಷೆಯಲ್ಲಿ ಪಾಸಾದ ಗಾಡಿ ರಸ್ತೆಯಲ್ಲಿರಬಹುದು. ಅದೇ ಕಂಪನಿಯ, ಅದೇ ವರ್ಷದ ಚಾಸಿಯ ಮೇಲೆ ಕಟ್ಟಿದ ನಿಗಮದ ಬಸ್ಸಿಗೆ ಪರೀಕ್ಷೆಗೆ ನಿಲ್ಲುವ ಅವಕಾಶವೇ ಇಲ್ಲ. ಸರ್ಕಾರ ಮಾದರಿಯಾಗಲಿ ಎಂಬ ವಾದ ಕೇಳಿದ್ದೇನೆ. ಸಚಿವರ ಕಾರಿಗೆ ಆ ಮಾತು ಸರಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಕಾಯುವ ಬಸ್ಸಿಗೆ ಅದನ್ನು ಹಾಗೇ ಅನ್ವಯಿಸಲಾಗದು.

ನಮ್ಮ ನಿಗಮಗಳಲ್ಲಿ ಹಳೆಯದನ್ನು ಮತ್ತೆ ನಿಲ್ಲಿಸುವ ಕಸುಬು ಚೆನ್ನಾಗಿಯೇ ಉಳಿದಿದೆ. ಕೆಎಸ್‌ಆರ್‌ಟಿಸಿ ಕೆಲವು ವರ್ಷಗಳಿಂದ ತನ್ನ ವರ್ಕ್‌ಶಾಪ್‌ಗಳಲ್ಲೇ ಬಸ್ಸುಗಳ ಪುನಶ್ಚೇತನ ನಡೆಸುತ್ತಿದೆ. ತುಕ್ಕು ಹಿಡಿದ ತಗಡು ಕಿತ್ತು, ಬಾಡಿಯ ಚೌಕಟ್ಟಿಗೆ ವೆಲ್ಡಿಂಗ್ ಮಾಡಿ, ನೆಲ, ಸೀಟು, ಕಿಟಕಿ ಬದಲಿಸಿ, ಹೊಸ ಬಣ್ಣ ಹೊಡೆದು ಹೊರಗೆ ಕಳಿಸುತ್ತಾರೆ. ಖರ್ಚು ಹೊಸ ಬಸ್ಸಿನ ಬೆಲೆಯ ಒಂದು ಸಣ್ಣ ಪಾಲು. ಈಚಿನ ವರ್ಷಗಳಲ್ಲಿ ನಿಗಮ ಮಾಡಿದ ಅತ್ಯಂತ ವಿವೇಕದ ಕೆಲಸವಿದು ಎಂದು ನಾನು ಎಣಿಸುತ್ತೇನೆ. ಆದರೆ ಹನ್ನೆರಡನೆಯ ವರ್ಷದಲ್ಲಿ ಇಷ್ಟೆಲ್ಲ ಮಾಡಿದ ಬಸ್ಸೂ ಮೂರೇ ವರ್ಷಕ್ಕೆ ಆ ಗೆರೆಗೆ ಬಂದು ನಿಲ್ಲಬೇಕು. ಮೆಕ್ಯಾನಿಕ್ಕಿನ ಕೈಕೆಲಸಕ್ಕೆ ನಿಯಮ ಬೆಲೆಯನ್ನೇ ಕೊಟ್ಟಿಲ್ಲ.

ಇನ್ನು ಹೊತ್ತು ನೋಡಿ. ನಿಯಮ ಜಾರಿಯಾದ ಎರಡೇ ತಿಂಗಳಿಗೆ, 2023ರ ಜೂನ್ 11ರಂದು, ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಮಹಿಳೆಯರಿಗೆ ಉಚಿತ ಪ್ರಯಾಣ ಸಿಕ್ಕಿ ಬಸ್ಸುಗಳು ತುಂಬಿ ತುಳುಕಿದವು. ಒಂದೊಂದು ಬಸ್ಸೂ ಬೇಕಾಗಿದ್ದ ಕಾಲದಲ್ಲಿ ಓಡಬಲ್ಲ ಬಸ್ಸನ್ನು ಗುಜರಿಗೆ ಕಳಿಸಿದರೆ, ಬದಲಿಗೆ ಹೊಸದು ಬರುವವರೆಗೆ ಟ್ರಿಪ್ಪುಗಳು ರದ್ದಾಗುತ್ತವೆ. ಬಸ್ಸು ತಪ್ಪಿದವರು ಮನೆಯಲ್ಲಿ ಕೂರುವುದಿಲ್ಲ. ಸಾಲ ಮಾಡಿಯಾದರೂ ದ್ವಿಚಕ್ರ ವಾಹನ ಕೊಳ್ಳುತ್ತಾರೆ. ಒಂದು ಬಸ್ಸಿನ ಜಾಗಕ್ಕೆ ಬಂದ ಹತ್ತಾರು ಸ್ಕೂಟರುಗಳ ಹೊಗೆಯನ್ನೂ ಈ ನಿಯಮದ ಖಾತೆಗೇ ಬರೆಯಬೇಕು.

ಹಳೆಯ ಬಸ್ಸೆಲ್ಲ ಉಳಿಯಲಿ ಎಂದಲ್ಲ. ಚಾಸಿ ಬಿರುಕು ಬಿಟ್ಟ, ಸ್ಟೀರಿಂಗ್ ಸಡಿಲವಾದ ಬಸ್ಸು ಒಂಬತ್ತೇ ವರ್ಷದ್ದಾದರೂ ಡಿಪೊದಿಂದ ಹೊರಬರಕೂಡದು. ಅಂಥದ್ದನ್ನು ಓಡಿಸುವ ಚಾಲಕನ ಜೀವವೂ ಜೀವವೇ. 15ರ ಗೆರೆ ಇಲ್ಲಿಯೂ ಕೆಡುಕು ಮಾಡುತ್ತದೆ: ಗೆರೆಯ ಈಚೆಗಿರುವುದೆಲ್ಲ ಸುರಕ್ಷಿತ ಎಂಬ ಸುಳ್ಳು ಧೈರ್ಯ ಕೊಡುತ್ತದೆ. ಹತ್ತನೆಯ ವರ್ಷದಿಂದಲೇ ಪ್ರತಿ ಬಸ್ಸಿನ ಚಾಸಿ, ಬ್ರೇಕು, ಹೊಗೆಯನ್ನು ನಿಗಮದ ಹೊರಗಿನವರು ಪರೀಕ್ಷಿಸಲಿ, ಫಲಿತಾಂಶವನ್ನು ಬಸ್ಸಿನೊಳಗೆ ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ಅಂಟಿಸಲಿ. ಹೊಗೆಯಲ್ಲಿ ಸೋತ ಬಸ್ಸು ನಗರ ಬಿಡಲಿ, ಚಾಸಿಯಲ್ಲಿ ಸೋತದ್ದು ಗುಜರಿಗೆ ಹೋಗಲಿ. ಎರಡರಲ್ಲೂ ಗೆದ್ದ ಬಸ್ಸಿಗೆ, ಖಾಸಗಿಯವರಿಗೆ ಕೊಟ್ಟಂತೆಯೇ, ಇನ್ನೊಂದು ವರ್ಷದ ಎಫ್‌ಸಿ ಕೊಡಲು ಕೇಂದ್ರ ಆ ಅಧಿಸೂಚನೆಯನ್ನು ತಿದ್ದಬೇಕು.