ನಲವತ್ತೆರಡು ಚೀಟಿಗಳೂ ನಮ್ಮ ಮೂಸಿಯೂ

ಕಳೆದ ತಿಂಗಳ ಎರಡನೆಯ ಶನಿವಾರ ಮೆಹದಿಪಟ್ಟಣಂನ ಅಪಾರ್ಟ್‌ಮೆಂಟೊಂದರ ಸಭಾಂಗಣದಲ್ಲಿ ಹವಾಮಾನ ಬದಲಾವಣೆಯನ್ನು ಕುರಿತ ಕಮ್ಮಟವೊಂದು ನಡೆಯಿತು. ಒಂಬತ್ತನೆಯ ತರಗತಿಯ ಮಗಳನ್ನು ಬಿಟ್ಟುಬರಲು ಹೋದ ನಾವು ಕೊನೆಯವರೆಗೂ ಕುಳಿತುಬಿಟ್ಟೆವು. (ಮೇಲುಸೇತುವೆಯ ಪಿಲ್ಲರ್ ನಂಬರನ್ನು ತಪ್ಪಾಗಿ ಕೇಳಿಸಿಕೊಂಡು ಅರ್ಧ ಗಂಟೆ ಅಲೆದದ್ದು ಬೇರೆ ಮಾತು.)

ಅಲ್ಲಿ ಆಡಿಸಿದ್ದು ‘ಕ್ಲೈಮೇಟ್ ಫ್ರೆಸ್ಕ್’ ಎಂಬ ಆಟ. ಫ್ರಾನ್ಸಿನ ಸೆಡ್ರಿಕ್ ರಿಂಗೆನ್‌ಬಾಕ್ ಎಂಬವರು 2015ರಲ್ಲಿ ಇದನ್ನು ರೂಪಿಸಿದರು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿಗಳೇ ಇದಕ್ಕೆ ಆಧಾರ. 42 ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಕಾರಣ ಯಾವುದು, ಪರಿಣಾಮ ಯಾವುದು ಎಂದು ಗುಂಪಿನವರೇ ಚರ್ಚಿಸಿ ಬಾಣ ಎಳೆಯಬೇಕು. ಆಮೇಲೆ ಬಣ್ಣ ತುಂಬಿ ಚಿತ್ರಕ್ಕೊಂದು ಹೆಸರಿಡಬೇಕು. ಮೂರು ಗಂಟೆಯ ಕೆಲಸ.

ಮೆಚ್ಚಬೇಕಾದುದನ್ನು ಮೊದಲು ಮೆಚ್ಚೋಣ. ಭಾಷಣವಿಲ್ಲ, ಹಾರ ತುರಾಯಿಯಿಲ್ಲ. ಸಮುದ್ರದ ಮೇಲೆ ತೇಲುವ ಹಿಮ ಕರಗಿದರೆ ಸಮುದ್ರಮಟ್ಟ ಏರುತ್ತದೆಂದು ಮಕ್ಕಳೆಲ್ಲ ಬಾಣ ಎಳೆದರು. ಬಿ.ಎಸ್ಸಿ. ಓದಿದ ನಾವೂ ಮನಸ್ಸಿನಲ್ಲಿ ಅದೇ ಬಾಣ ಎಳೆದಿದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಲೋಟದಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ನೀರೇನೂ ಚೆಲ್ಲುವುದಿಲ್ಲವಲ್ಲ ಎಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕೇಳಿದಳು. ಬಾಣ ಅಳಿಸಬೇಕಾಯಿತು. ಮಟ್ಟವನ್ನು ಏರಿಸುವುದು ನೆಲದ ಮೇಲಿನ ಹಿಮ ಮತ್ತು ಕಾದು ಹಿಗ್ಗುವ ಕಡಲ ನೀರು. ಹೀಗೆ ತಪ್ಪಿ ಕಲಿತದ್ದನ್ನು ಮಕ್ಕಳು ಮರೆಯಲಾರರು.

ನಮ್ಮ ತಕರಾರು ಮುಂದಿನದು. ಚೀಟಿಗಳಲ್ಲಿ ‘ನದಿಗಳ ಪ್ರವಾಹ’ ಎಂಬುದೂ ಒಂದು. ಅದು ಮೇಜಿಗೆ ಬಂದಾಗ ಮೂಸಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ! ಇಲ್ಲಿಂದ ಲಂಗರ್ ಹೌಜ್ ಎಷ್ಟು ದೂರ? 1908ರ ಸೆಪ್ಟೆಂಬರ್ 28ರಂದು ಈ ನದಿ ಸಾವಿರಾರು ಜನರನ್ನು ಕೊಂದಿತು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಿಸೆಮರವನ್ನು ಹತ್ತಿ ಸುಮಾರು 150 ಮಂದಿ ಬದುಕಿಕೊಂಡರು. ಮರುವರ್ಷ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿರೆಂಬ ಅವರ ಸಲಹೆಯ ಫಲವೇ 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ. ಆ ಜಲಾಶಯಗಳ ಸುತ್ತ 10 ಕಿಲೋಮೀಟರಿನೊಳಗೆ ಕಟ್ಟಡಗಳನ್ನು ನಿರ್ಬಂಧಿಸಿದ್ದ 1996ರ 111ನೆಯ ಸರ್ಕಾರಿ ಆದೇಶದ ಕಟ್ಟುಪಾಡುಗಳನ್ನು 2022ರ 69ನೆಯ ಆದೇಶ ತೆಗೆದುಹಾಕಿತು. (ಆದೇಶದ ನಂಬರು ಹೇಳದಿದ್ದರೆ ಗುಮಾಸ್ತರಿಗೆ ಸಮಾಧಾನವಿಲ್ಲ.)

ಇದು ಬರೀ ಸ್ಥಳಾಭಿಮಾನದ ಮಾತಲ್ಲ. ಆಟದ ತರ್ಕದಲ್ಲೇ ಒಂದು ಕೊರತೆಯಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು, ಮಳೆ ಬಿರುಸಾಗುತ್ತದೆ. ಈ ಬಾಣ ಸರಿ. ಆದರೆ 2020ರ ಅಕ್ಟೋಬರಿನಲ್ಲಿ ಟೋಲಿಚೌಕಿಯ ನದೀಂ ಕಾಲನಿಯಲ್ಲಿ ನೀರು ದಿನಗಟ್ಟಲೆ ನಿಂತದ್ದು ಮೋಡದ ತಪ್ಪೊಂದರಿಂದಲೇ ಅಲ್ಲ. ಪಕ್ಕದಲ್ಲೇ ಶಾಹ್ ಹಾತಿಂ ತಲಾಬ್ ಇದೆ. ಕೆರೆಯ ನೀರಿಗೂ ಹೋಗಲು ಜಾಗ ಬೇಕು. ಕೆರೆಯಂಗಳವನ್ನು ಮುಚ್ಚಿದವರು ಆಟದಲ್ಲಿ ಎಲ್ಲೂ ಬರುವುದಿಲ್ಲ. ಎಲ್ಲ ಬಾಣಗಳೂ ಹೊಗೆಯ ಮೂಲಕವೇ ಹಾದುಹೋದರೆ, ಊರೊಳಗಿನ ಹೊಣೆಗಾರರು ಆರಾಮಾಗಿ ಪಾರಾಗುತ್ತಾರೆ.

ಚಹಾದ ಲೋಟ ತೆಗೆಯಲು ಬಂದ ಹೆಂಗಸು ಪ್ರವಾಹದ ಚೀಟಿಯನ್ನು ಕಂಡು ಒಂದು ಗಳಿಗೆ ನಿಂತಳು. ಅವಳದು ಅದೇ ಕಾಲನಿ. ಎದೆಯ ಮಟ್ಟಕ್ಕೆ ಕೈಯಿಟ್ಟು, “ಇತ್ತಾ ಪಾನೀ ಆಯಾ ಥಾ, ಸಾಬ್” ಎಂದಳು. ಆ ಸಭಾಂಗಣದಲ್ಲಿ ವಿಷಯವನ್ನು ಮೈಯಿಂದ ಬಲ್ಲವಳು ಅವಳೊಬ್ಬಳೇ. ನಡೆಸುವವರು ಅವಳನ್ನು ಕೂರಲು ಹೇಳಲಿಲ್ಲ, ನಾವೂ ಹೇಳಲಿಲ್ಲ. ಮಕ್ಕಳು ಅಷ್ಟರಲ್ಲಿ ಪ್ಲಾಸ್ಟಿಕ್ ಸ್ಟ್ರಾ ಬಿಡುವ ಪ್ರತಿಜ್ಞೆ ಮಾಡುತ್ತಿದ್ದರು.

ಮನೆಗೆ ಬಂದಮೇಲೆ, ರಾಯಚೂರಿನಿಂದ ಬಂದಿದ್ದ ನಮ್ಮ ತಾಯಿ ಮೊಮ್ಮಗಳನ್ನು ಕೇಳಿದರು, “ಏನ್ ಕಲ್ತಿ ಬಂಗಾರಿ?” ಮಗಳು ಎರಡು ವಾಕ್ಯ ಕನ್ನಡದಲ್ಲಿ ಹೇಳಿ ತಡವರಿಸಿದಳು. ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. “ಇರ್ಲಿ ಬಿಡು. ಮಿರಗದ ಮಳಿ ಮೊದಲಿನ್ಹಂಗ ಬರಂಗಿಲ್ಲ, ಅದನ್ನs ಹೇಳ್ಯಾರೇನು?” ಎಂದರು ತಾಯಿ. ಬಿತ್ತನೆಯ ಲೆಕ್ಕ ತಪ್ಪಿದ ವರ್ಷಗಳನ್ನು ಅವರು ಎಣಿಸತೊಡಗಿದಾಗ ಮಗಳು ಪೆನ್ನು ತಂದಳು. ಮೂರು ಗಂಟೆಯ ಕಮ್ಮಟದಲ್ಲಿ ಇಂಥ ಒಂದು ಪ್ರಶ್ನೆಯೂ ಏಳಲಿಲ್ಲವಲ್ಲ ಎಂಬುದೇ ನಮ್ಮ ಕೊರಗು.

ಲಾಭಕ್ಕಲ್ಲದೆ ಆಡಿಸುವವರಿಗೆ ಈ ಚೀಟಿಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಸಂಘದ ಮಕ್ಕಳಿಗಾಗಿ ಕನ್ನಡದ ಹೆಸರುಗಳನ್ನು ಬರೆಯತೊಡಗಿದ್ದೇವೆ. ಮಗಳು ‘ಕೆರೆಯಂಗಳದ ಮನೆ’ ಎಂಬ 43ನೆಯ ಚೀಟಿ ಸೇರಿಸಿದ್ದಾಳೆ; ಅದರ ಬಾಣ ಎಲ್ಲಿಂದ ಹೊರಡಬೇಕೆಂದು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ‘ಪರ್ಮಾಫ್ರಾಸ್ಟ್’ ಎಂಬುದಕ್ಕೆ ಸದ್ಯಕ್ಕೆ ‘ಕರಗದ ನೆಲ’ ಎಂದಿಟ್ಟಿದ್ದೇವೆ, ಅದು ಕರಗುತ್ತಿದೆ ಎಂಬುದೇ ಚೀಟಿಯ ಗೋಳು. ಒಳ್ಳೆಯ ಪದ ಹೊಳೆದವರು ಸಂಘದ ಕಚೇರಿಗೆ ಬರೆದು ತಿಳಿಸಬೇಕು.