ಮಳೆ ಬಿಟ್ಟು ಬರೆದ ಮುಂಬಯಿ

ಮುಂಬಯಿ ನೋಡಿ ಬಂದ ಮೇಲೆ ನಾನೊಂದು ಪ್ರವಾಸ ಲೇಖನ ಬರೆದೆ. ಶ್ರಾವಣದಲ್ಲಿ ನಮ್ಮ ಮಹಿಳಾ ಮಂಡಳದ ಸಭೆಯಲ್ಲಿ ಓದಿಯೂ ಬಿಟ್ಟೆ. ಗೇಟ್‌ವೇ ಆಫ್ ಇಂಡಿಯಾದ ಭವ್ಯತೆ, ಎಲಿಫೆಂಟಾದ ತ್ರಿಮೂರ್ತಿಯ ಗಾಂಭೀರ್ಯ, ಮರೀನ್ ಡ್ರೈವಿನ ದೀಪಮಾಲೆ ಎಲ್ಲವೂ ಅದರಲ್ಲಿದ್ದವು. ಚಪ್ಪಾಳೆ ಬಿತ್ತು. ಚಹಾ ಕುಡಿಯುವಾಗ ಬೆಟಗೇರಿಯ ಹಿರಿಯ ತಾಯಿಯೊಬ್ಬರು ಪಕ್ಕಕ್ಕೆ ಕರೆದು ಕೇಳಿದರು:

"ಅಲ್ಲವಾ ತಂಗೀ, ನೀ ಹ್ವಾದದ್ದು ಆಷಾಢದಾಗ. ಅಲ್ಲಿ ಮಳಿ ಇರಲಿಲ್ಲೇನ?"

"ಇತ್ತರೀ ಯವ್ವಾ. ಭಾಳ ಇತ್ತು."

"ಮತ್ತ ಅದನ್ಯಾಕ ಬರದಿಲ್ಲ?"

ನನ್ನ ಬರಹಕ್ಕೆ ಇದುವರೆಗೆ ಬಂದ ಖರೆ ವಿಮರ್ಶೆ ಇದೊಂದೇ. ಅದಕ್ಕೆ ಉತ್ತರ ಹುಡುಕುತ್ತ ನನ್ನ ಲೇಖನವನ್ನೇ ಮತ್ತೊಮ್ಮೆ ಓದಿದೆ.

ನಡೆದದ್ದು ಇಷ್ಟು. ನಾವಿದ್ದ ಮೂರೂ ದಿನ ಮಳೆ ಬಿಡಲಿಲ್ಲ. ಸಮುದ್ರ ಉಕ್ಕುತ್ತಿದ್ದುದರಿಂದ ಎಲಿಫೆಂಟಾಕ್ಕೆ ದೋಣಿ ಬಿಡಲಿಲ್ಲ. ನನ್ನ ತ್ರಿಮೂರ್ತಿ ಬಂದದ್ದು ಮಗಳ ಪಠ್ಯಪುಸ್ತಕದ ಚಿತ್ರದಿಂದ. ಗೇಟ್‌ವೇಯನ್ನು ನೋಡಿದ್ದು ಬಸ್ಸಿನ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿ, ಒರೆಸಿ. ಒರೆಸಿದಷ್ಟೂ ಮತ್ತೆ ಮಸುಕು. ದೀಪಮಾಲೆಯಂತೂ ಕಾಣಲೇ ಇಲ್ಲ. ಕಟ್ಟೆಗೆ ಬಡಿದ ತೆರೆ ರಸ್ತೆಗೆ ಹಾರಿ ಬಂದು ನಮ್ಮ ಛತ್ರಿಯನ್ನು ತಿರುವಿ ಹಾಕಿತು.

ಹಾಗಾದರೆ ಸುಳ್ಳು ಯಾಕೆ ಬರೆದೆ? ಇದಕ್ಕೆ ಕಾರಣ ಮನೆಯಲ್ಲಿದೆ, ನಿಮ್ಮ ಮನೆಯಲ್ಲೂ ಇರಬಹುದು. ನಾನು ಹೋದದ್ದು ನಾಲ್ಕು ವರ್ಷ ಭಿಶಿ ತುಂಬಿ ಕೂಡಿಸಿದ ದುಡ್ಡಿನಿಂದ. ಮಕ್ಕಳನ್ನು ಅತ್ತೆ ನೋಡಿಕೊಂಡರು, ರೊಟ್ಟಿ ಬಡಿಯುವ ಕೆಲಸ ನೆಗೆಣ್ಣಿಯ ಪಾಲಿಗೆ ಬಂತು. ಇಷ್ಟು ಜನರ ಋಣ ಹೊತ್ತು ಹೋದವಳು ಬಂದು "ಮಳೆ ಇತ್ತು, ಏನೂ ಕಾಣಲಿಲ್ಲ" ಎನ್ನಲು ಬರುತ್ತದೆಯೇ? ಗಂಡಸರು ಕೆಲಸದ ಮೇಲೆ ಹೋಗಿ ಬಂದು ಹಾಗೆನ್ನಬಹುದು. ಅವರು ಮತ್ತೆ ಹೋಗುತ್ತಾರೆ. ನಮ್ಮದು ಒಂದೇ ಸಲದ ಪ್ರವಾಸ. ಅದು ಸಾರ್ಥಕವಾಗಲೇಬೇಕು. ಲೆಕ್ಕ ಒಪ್ಪಿಸುವ ಈ ಅವಸರದಲ್ಲಿ ನೋಡದಿದ್ದನ್ನೂ ಜಮಾ ಬರೆದುಬಿಟ್ಟೆ.

ತಪ್ಪು ನನ್ನೊಬ್ಬಳದೇ ಅಲ್ಲವೆಂದು ಸಮಾಧಾನಪಡಲು ನಮ್ಮ ಸ್ಮರಣ ಸಂಚಿಕೆಗಳ ಪ್ರವಾಸ ಲೇಖನಗಳನ್ನು ತಿರುವಿದೆ. ಎಲ್ಲಕ್ಕೂ ಒಂದೇ ಅಚ್ಚು. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ಉಪಾಹಾರ, ಯಾವ ಕಟ್ಟಡ, ಕಟ್ಟಿಸಿದವರು ಯಾರು. ಗೇಟ್‌ವೇ ಎಂದರೆ 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದ ನೆನಪಿಗೆ ಕಟ್ಟಿದ್ದು, 1924ರಲ್ಲಿ ಉದ್ಘಾಟನೆಯಾದದ್ದು. ನಾನೂ ಇದನ್ನೇ ಬರೆದಿದ್ದೆ. ಮಳೆ ಬಂದರೆ "ಹವಾಮಾನ ಅನುಕೂಲವಾಗಿರಲಿಲ್ಲ" ಎಂಬ ಒಂದು ವಾಕ್ಯ. ಇಂಥ ಲೇಖನ ಬರೆಯಲು ಊರು ಬಿಟ್ಟು ಹೋಗುವ ಅಗತ್ಯವೇ ಇಲ್ಲ.

1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ "ಅಮೆರಿಕದಲ್ಲಿ ಗೊರೂರು" ಪುಸ್ತಕದ ಹೆಸರನ್ನೇ ನೋಡಿ. ಅಮೆರಿಕದ ಜೊತೆಗೆ ಗೊರೂರೂ ಅದರಲ್ಲಿದೆ. ನನ್ನ ಲೇಖನದಲ್ಲಿ ಮುಂಬಯಿ ಇತ್ತು, ಗದಗ ಇರಲಿಲ್ಲ. ಗದಗಿನವಳು ಬರೆದಿದ್ದರೆ ಮಳೆಯನ್ನು ಬಿಡುತ್ತಿದ್ದಳೇ? ಮಳೆ ಹೋದ ವರ್ಷ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನು ಕೂಡ್ರಿಸಿ ತಲೆಯ ಮೇಲೆ ಹೊತ್ತು ಹುಡುಗರು ಬಾಗಿಲಿಗೆ ಬಂದಾಗ, ಗುಂಡಿಯಲ್ಲಿ ಉಳಿದ ನೀರನ್ನೇ ತಂಬಿಗೆಯಲ್ಲಿ ತಂದು ಸುರಿದವರು ನಾವು. ಆ ನಾನೇ ಮುಂಬಯಿಯ ಮಳೆಗೆ "ಕೆಟ್ಟ ಹವೆ" ಎಂದೆನಲ್ಲ! ಈ ಮಾತು ನಮ್ಮದಲ್ಲ. ಬಿಸಿಲು ಹುಡುಕಿಕೊಂಡು ಬರುವ ಪರದೇಶದ ಪ್ರವಾಸಿಗಳಿಂದ ಎರವಲು ತಂದದ್ದು.

ಹಾಗೆಂದು ಮಳೆಗೆ ಹಾರ ಹಾಕಿ ಕೂಡ್ರಿಸುವುದೂ ಬೇಡ. 2006ರ "ಮುಂಗಾರು ಮಳೆ" ಚಿತ್ರ ನೋಡಿ ಮಳೆಯೆಂದರೆ ಹಾಡು ಎಂದುಕೊಂಡವರಲ್ಲಿ ನಾನೂ ಒಬ್ಬಳು. ಅದರ ಹಿಂದಿನ ವರ್ಷವೇ, 2005ರ ಜುಲೈ 26ರಂದು, ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಿತ್ತು. ನಮ್ಮ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳುವುದು 600ರ ಆಸುಪಾಸು. ನೂರಾರು ಜನ ಸತ್ತರು. ಆದರೆ ಅದೇ ದಿನ ಗೇಟ್‌ವೇ ಇರುವ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ. ಪ್ರವಾಸಿಗಳ ಮುಂಬಯಿ ತೊಯ್ದಿತು, ದುಡಿದು ಮನೆಗೆ ಮರಳುವವರ ಮುಂಬಯಿ ಮುಳುಗಿತು. ಬರೀ ಗೇಟ್‌ವೇ ನೋಡಿ ಬರೆಯುವವರಿಗೆ ಈ ಎರಡನೆಯ ಊರು ಇದೆಯೆಂಬುದೇ ತಿಳಿಯುವುದಿಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ನಮಗೆ ಹತ್ತಿರವಾಗುವುದು ಅವು ಚಾಳು, ಲೋಕಲ್ ಗಾಡಿಗಳ ಆ ಊರಿನಲ್ಲಿ ಓಡಾಡುವುದರಿಂದ.

ನನಗೂ ಆ ಊರು ಒಂದು ಸಂಜೆ ಸಿಕ್ಕಿತ್ತು. ದೊಂಬಿವಲಿಯ ವೈನಿಯ ಮನೆಗೆ ಮರಳುವಾಗ ಹಳಿಯ ಮೇಲೆ ನೀರು ಬಂದು ಲೋಕಲ್ ಗಾಡಿ ನಡುವೆಯೇ ನಿಂತಿತು. ಹೆಂಗಸರ ಡಬ್ಬಿ. ಒಬ್ಬಾಕೆ ಚೀಲದಿಂದ ಮೆಂತೆ ಸೊಪ್ಪು ತೆಗೆದು ಸೋಸತೊಡಗಿದಳು. ಗಾಡಿ ಯಾವಾಗ ಹೊರಟರೂ ಅಡಿಗೆಯಂತೂ ಆಗಬೇಕಲ್ಲ! ನಾನೂ ಒಂದು ಹಿಡಿ ತೆಗೆದುಕೊಂಡು ಸೋಸಿದೆ. ಎರಡು ತಾಸು ಹೋಯಿತು. ಊರು ಯಾವುದೆಂದು ಕೇಳಿದಳು. ಗದಗ ಎಂದೆ. "ತುಮ್ಚ್ಯಾಕಡೆ ಪಾವೂಸ್ ಆಹೇ ಕಾ?" ಎಂದಳು. ಇಲ್ಲವೆಂದೆ. ಕಿಟಕಿಯ ಹೊರಗೆ ಕೈಮಾಡಿ, "ಘೇವೂನ್ ಜಾ!" ಎಂದಳು, ತೊಗೊಂಡು ಹೋಗು. ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಹೊಲ ಬಿತ್ತಿ ಮುಗಿಲು ನೋಡುತ್ತ ಕೂತ ಮುಂಡರಗಿಯ ತಮ್ಮನ ನೆನಪಾಗಿ ಕಣ್ಣು ತುಂಬಿತು.

ಇದೊಂದು ಸಾಲೂ ನನ್ನ ಲೇಖನದಲ್ಲಿರಲಿಲ್ಲ. ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ಆ ಡಬ್ಬಿ ಇರಲಿಲ್ಲವಲ್ಲ!

ಈಗ ತ್ರಿಮೂರ್ತಿಯ ಎರಡು ಪುಟ ಹರಿದು ಹಾಕಿದ್ದೇನೆ. ಉಳಿದದ್ದು ಮೆಂತೆ ಸೊಪ್ಪಿನ ಒಂದೂವರೆ ಪುಟ. ಬೆಟಗೇರಿಯ ತಾಯಿಗೆ ಓದಿ ತೋರಿಸಬೇಕು. ಎಲಿಫೆಂಟಾ ನೋಡುವ ಆಸೆಯೇನೂ ಹೋಗಿಲ್ಲ. ಲಕ್ಷ್ಮೇಶ್ವರದ ದಾರಿಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ನೋಡಿಯೇ ಹೊರಡುತ್ತವೆ. ಅವುಗಳಿಗಿರುವ ಬುದ್ಧಿ ನನಗೂ ಬಂದಿದೆ. ಮತ್ತೆ ಭಿಶಿ ಹಚ್ಚಿದ್ದೇನೆ, ಈ ಸಲ ಡಿಸೆಂಬರಕ್ಕೆ. ಅಲ್ಲಿ ಏನು ಕಂಡಿತೋ ಅಷ್ಟನ್ನೇ ಬರೆಯುವೆ.