ಕರ್ತೃವಿಲ್ಲದ ವಾಕ್ಯಗಳು

‘ಅರ್ಹ ಫಲಾನುಭವಿಗಳಿಗೆ ಲಸಿಕೆ ನೀಡಲಾಗುವುದು. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳತಕ್ಕದ್ದು.’ 2021ರಲ್ಲಿ ಬಂಗಾರಪೇಟೆಯ ಬ್ಯಾನರುಗಳಲ್ಲಿ, ಕೆಜಿಎಫ್‌ನ ಆಟೋ ಮೈಕುಗಳಲ್ಲಿ ಇಂಥ ವಾಕ್ಯಗಳದೇ ಸುರಿಮಳೆ. ಸಾಹಿತ್ಯ ಓದಿದವರಿಗೆ ಒಂದು ಚಟವಿರುತ್ತದೆ, ನೋಟಿಸನ್ನೂ ಕೃತಿಯಂತೆ ಓದುವುದು. ಹಾಗೆ ಓದಿದಾಗ ನನ್ನನ್ನು ತಡೆದದ್ದು ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗ. ನೀಡಲಾಗುವುದು ಸರಿ, ನೀಡುವವರು ಯಾರು? ನಮ್ಮ ಆಡುಮಾತಿನಲ್ಲಿ ಈ ಪ್ರಯೋಗ ಇಲ್ಲವೆಂದೇ ಹೇಳಬಹುದು. ಯಾವ ತಾಯಿಯೂ ಮಕ್ಕಳಿಗೆ ‘ಅನ್ನ ಬಡಿಸಲಾಗುವುದು’ ಎನ್ನುವುದಿಲ್ಲ.

ಲಸಿಕೆಗೆ ಹಿಂಜರಿಯುವವರನ್ನು ಕುರಿತ ಬರಹಗಳಲ್ಲಿ ‘ಅಜ್ಞಾನ’, ‘ಮೂಢನಂಬಿಕೆ’ ಎಂಬ ಎರಡು ಪದಗಳು ಸಲೀಸಾಗಿ ಬರುತ್ತವೆ. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳ ಮುಂದೆ ಆ ಜೂನ್‌ನಲ್ಲಿ ನಾನು ಕೇಳಿಸಿಕೊಂಡದ್ದು ಬೇರೆಯೇ ಒಂದು ಪ್ರಶ್ನೆ. ಗಣಿ ಕಾರ್ಮಿಕನ ವಿಧವೆಯೊಬ್ಬರು ಆಶಾ ಕಾರ್ಯಕರ್ತೆಯನ್ನು ತಮಿಳಿನಲ್ಲಿ ಕೇಳಿದ್ದು ಇಷ್ಟು: ‘ಏನಾದರೂ ಆದರೆ ಯಾರಮ್ಮ ಬಂದು ಕೇಳ್ತಾರೆ?’

ಈ ಪ್ರಶ್ನೆಯ ಹಿಂದೆ ಒಂದು ಊರಿನ ಚರಿತ್ರೆಯೇ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಕೂಲಿಗಳ ಶರೀರವನ್ನು ಎಣಿಸುವ, ಗುರುತಿಸುವ, ತಪಾಸಿಸುವ ಕೆಲಸ ನಿಂತದ್ದೇ ಇಲ್ಲ. ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮದ ವಿರುದ್ಧ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಇತಿಹಾಸಕಾರ್ತಿ ಜಾನಕಿ ನಾಯರ್ ಇದನ್ನು ವಿವರವಾಗಿ ಬರೆದಿದ್ದಾರೆ. ಮೂರು ಕಿಲೋಮೀಟರಿಗೂ ಆಳದ ಸುರಂಗಗಳ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಯಿತು. ಆಮೇಲೆ, ಪತ್ರಿಕೆಗಳು ಈಗಲೂ ಬರೆಯುವ ಹಾಗೆ, 2001ರ ಫೆಬ್ರವರಿ 28ರಂದು ಗಣಿಯನ್ನು ‘ಮುಚ್ಚಲಾಯಿತು’. ಮತ್ತೆ ಅದೇ ಪ್ರಯೋಗ. ಕರ್ತೃ ಕಾಣೆಯಾದಾಗ ಏನಾಗುತ್ತದೆಂದು ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಿಂಜರಿಕೆ ಎಂದು ಲೆಕ್ಕಕ್ಕೆ ಬರೆದುಕೊಂಡದ್ದರಲ್ಲಿ ಒಂದಷ್ಟು ಬರೀ ಗಡಿಯಾರದ ಸಮಸ್ಯೆ ಎಂಬುದನ್ನೂ ಹೇಳಿಬಿಡಬೇಕು. ಗಣಿ ಮುಚ್ಚಿದ ಮೇಲೆ ಇಲ್ಲಿನ ದುಡಿಯುವವರು ಮಾರಿಕುಪ್ಪಂನಿಂದ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುತ್ತಾರೆ. ನಸುಕಿಗೆ ಹೊರಟು ರಾತ್ರಿ ಮರಳುವವರಿಗೆ ಬೆಳಗ್ಗೆ ಹತ್ತರ ಶಿಬಿರದಿಂದ ಏನು ಪ್ರಯೋಜನ?

ಸರ್ಕಾರದ ವಾಕ್ಯಕ್ಕೆ ಎದುರಾಗಿ ನಿಂತ ವಾಕ್ಯ ವದಂತಿಯದು. ವಿಮರ್ಶಕನಾಗಿ ಹೇಳುವುದಾದರೆ ಅದು ಹೆಚ್ಚು ಒಳ್ಳೆಯ ಗದ್ಯ. 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡುಗಳಲ್ಲಿ ಒಟ್ಟಿಗೇ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಸುಳ್ಳುಗಳನ್ನು ನೆನಪಿಸಿಕೊಳ್ಳಿ. ಎರಡೂ ಭಾಷೆಯ ಮೆಸೇಜುಗಳು ಬಂದು ಬೀಳುವ ಊರು ಇದು. ಅಂಥ ಮೆಸೇಜುಗಳಲ್ಲಿ ಯಾವಾಗಲೂ ಒಬ್ಬ ಮನುಷ್ಯ ಇರುತ್ತಾನೆ: ಯಾರದೋ ಅಕ್ಕನ ಮಗು, ಯಾವುದೋ ಆಸ್ಪತ್ರೆಯ ‘ಪರಿಚಯದ ಡಾಕ್ಟರು’. ಸುಳ್ಳಿಗೆ ಕರ್ತೃವೂ ಇದೆ, ಕರ್ಮವೂ ಇದೆ, ಕಣ್ಣೀರೂ ಇದೆ. ನಿಜದ ಬಳಿ ಇರುವುದು ‘ನೀಡಲಾಗುವುದು’ ಮಾತ್ರ.

2021ರ ಏಪ್ರಿಲ್ 11ರಿಂದ 14ರವರೆಗೆ ದೇಶದಾದ್ಯಂತ ‘ಟೀಕಾ ಉತ್ಸವ’ ನಡೆಯಿತು. (ಹಿಂದಿಯ ಟೀಕಾ ಕನ್ನಡದ ಕಿವಿಗೆ ಟೀಕೆಯ ಹಬ್ಬದಂತೆ ಕೇಳಿಸುತ್ತದೆ. ವಿಮರ್ಶಕರು ಖುಷಿಪಡಬೇಕಿತ್ತು.) ಹಬ್ಬ ಮುಗಿದ ಮರುದಿನ, 15ರಂದು, ತಮಿಳು ನಟ ವಿವೇಕ್ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರೂ ನೋಡುವಂತೆ ಲಸಿಕೆ ಹಾಕಿಸಿಕೊಂಡರು. ಜನ ಧೈರ್ಯ ಮಾಡಲಿ ಎಂಬುದೇ ಅವರ ಉದ್ದೇಶವಾಗಿತ್ತು. 16ರಂದು ಹೃದಯಾಘಾತವಾಯಿತು, 17ರಂದು ತೀರಿಕೊಂಡರು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ವೈದ್ಯರು ಆಗಲೇ ಹೇಳಿದರು. ಅಡ್ಡಪರಿಣಾಮಗಳನ್ನು ಪರಿಶೀಲಿಸುವ ರಾಷ್ಟ್ರೀಯ ಸಮಿತಿಯ ತೀರ್ಮಾನವೂ ಅದೇ ಆಗಿತ್ತು, ಆದರೆ ಅದು ಹೊರಬಂದದ್ದು ಅಕ್ಟೋಬರಿನಲ್ಲಿ. ಮನೆಮನೆಯಲ್ಲೂ ತಮಿಳು ಚಾನೆಲ್ ಓಡುವ ರಾಬರ್ಟ್‌ಸನ್‌ಪೇಟೆಯಲ್ಲಿ ಆ ಆರು ತಿಂಗಳು ಬ್ಯಾನರುಗಳು ವಿವೇಕ್ ಹೆಸರನ್ನೇ ಎತ್ತದೆ ‘ಲಸಿಕೆ ಸಂಪೂರ್ಣ ಸುರಕ್ಷಿತ’ ಎನ್ನುತ್ತಲೇ ಇದ್ದವು. ಎದುರಿಗಿದ್ದವರು ಯೋಚಿಸುತ್ತಿದ್ದುದೇ ಅವರ ಬಗ್ಗೆ. ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆಯದಕ್ಕೆ ಉತ್ತರ ಕೊಡುವವರನ್ನು ನಾವು ಎಲ್ಲಾದರೂ ನಂಬುತ್ತೇವೆಯೇ?

ಹಳೆಯ ಮೈಸೂರು ಸಂಸ್ಥಾನಕ್ಕೆ ಇದಕ್ಕಿಂತ ಚೆನ್ನಾಗಿ ಹೇಳಲು ಗೊತ್ತಿತ್ತು. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಬಲಗಡೆ ಇರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಸೀರೆ ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿದ ತೋಳು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಓದು. ಅದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಿತಾಸಕ್ತಿಯೂ ಇತ್ತು, ಸಂತೆಗೆ ಹೋಗುವ ಜನ ಆ ಚಿತ್ರವನ್ನು ನೋಡಿರಲಾರರು. ಆದರೂ ಚಿತ್ರದಲ್ಲಿ ಒಂದು ತೋಳಿದೆ, ಆ ತೋಳಿಗೆ ಒಡತಿಯಿದ್ದಾಳೆ.

ಲೈನ್ ಮನೆಯ ಮುಂದೆ ಆಶಾ ಕಾರ್ಯಕರ್ತೆ ಕೊಟ್ಟ ಉತ್ತರ ಹೀಗಿತ್ತು: ‘ಜ್ವರ ಬರುತ್ತೆ ಪಾಟಿ, ಕೈ ನೋಯುತ್ತೆ. ಮಾತ್ರೆ ಕೊಟ್ಟಿರ್ತೀನಿ. ನಾಳೆ ಬೆಳಗ್ಗೆ ನಾನೇ ಬಂದು ನೋಡ್ತೀನಿ.’ ಕೆಟ್ಟದ್ದನ್ನು ಮೊದಲು ಹೇಳಿದಳು. ಎರಡನೇ ವಾಕ್ಯದಿಂದ ಕ್ರಿಯಾಪದಗಳಿಗೆಲ್ಲ ಕರ್ತೃ ಅವಳೇ. ಅಜ್ಜಿ ಅವತ್ತು ಒಪ್ಪಲಿಲ್ಲ, ಮುಂದಿನ ವಾರ ಹಾಕಿಸಿಕೊಂಡರು.

ಸರ್ಕಾರಕ್ಕೆ ಈ ಭಾಷೆ ಗೊತ್ತಿಲ್ಲವೆಂದಲ್ಲ. ಮಗುವಿಗೆ ಚುಚ್ಚುಮದ್ದು ಹಾಕಿದ ಮೇಲೆ ಸಿಸ್ಟರ್ ತಾಯಿಗೆ ನಾಲ್ಕು ಮಾತು ಹೇಳಬೇಕೆಂದು ತರಬೇತಿಯಲ್ಲೇ ಕಲಿಸುತ್ತಾರೆ: ಇದು ಯಾವ ರೋಗಕ್ಕೆ, ಏನು ತೊಂದರೆ ಆಗಬಹುದು ಮತ್ತು ಆಗ ಏನು ಮಾಡಬೇಕು, ಮುಂದೆ ಯಾವಾಗ ಬರಬೇಕು, ಕಾರ್ಡು ಜೋಪಾನ. ಕರಪತ್ರ ಬರೆಯುವವರ ಮೇಜಿಗೆ ಮಾತ್ರ ಈ ನಾಲ್ಕು ಮಾತು ತಲುಪಿದಂತಿಲ್ಲ.

ಆದರೆ ‘ನಾನೇ ಬಂದು ನೋಡ್ತೀನಿ’ ಎಂದವಳ ಸ್ಥಿತಿಯೇನು? ಆಶಾ ಸರ್ಕಾರದ ಲೆಕ್ಕದಲ್ಲಿ ನೌಕರಳಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿ. ಕೋವಿಡ್ ನಡುವೆಯೇ, 2020ರ ಜುಲೈನಲ್ಲಿ, ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಕರ್ನಾಟಕದ ಆಶಾಗಳು ಮುಷ್ಕರ ಮಾಡಬೇಕಾಯಿತು. ಇಲಾಖೆ ತನ್ನ ವಾಕ್ಯದಿಂದ ತಾನು ಹೊರಗುಳಿದು, ಅವಳ ‘ನಾನು’ವನ್ನು ಕಡಿಮೆ ಬೆಲೆಗೆ ಬಾಡಿಗೆ ಪಡೆದಿದೆ. ನಾಳೆ ನಿಜಕ್ಕೂ ಏನಾದರೂ ಆದರೆ ಆ ಅಜ್ಜಿಯ ಬಾಗಿಲಲ್ಲಿ ನಿಲ್ಲಬೇಕಾದವಳು ಅವಳೊಬ್ಬಳೇ.

ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಆಶಾ ಮತ್ತು ಸಿಸ್ಟರ್ ಹೆಸರು, ಫೋನ್ ನಂಬರು ಬರೆಯಲು ಜಾಗವಿದೆ. ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟ ಮನೆಗಳನ್ನು ಬಂಗಾರಪೇಟೆಯಲ್ಲಿ ನೋಡಿದ್ದೇನೆ. ಲಸಿಕೆಯ ಕರಪತ್ರವನ್ನು ಹಾಗೆ ಎತ್ತಿಟ್ಟವರನ್ನು ನಾನಿನ್ನೂ ಕಂಡಿಲ್ಲ.